ಮನೆ ಮಾರಿಸುವ ಸಂಸ್ಕೃತಿ ಸಾಕು

ಮಣೆಯಾಟವೊಂದನ್ನು ತಯಾರಿಸಲು ಜನರಿಂದ ಮುಂಗಡ ರೊಕ್ಕ ಕೂಡಿಸುವುದು ಭಿಕ್ಷೆಯ ಹೊಸ ರೂಪ ಎಂದು ರಾಜಧಾನಿಯ ಮಿತ್ರಪತ್ರಿಕೆಯೊಂದು ಬರೆದಿದೆ. ಆಟ ಸಾಹಿತ್ಯವಲ್ಲ, ಸಂಸ್ಕೃತಿಯ ಪತ್ರಿಕೆ ಅದಕ್ಕೆ ಪುಟ ಕೊಡಬಾರದು ಎಂದು ನಮ್ಮ ಕೆಲವು ಹಿರಿಯ ಓದುಗರೂ ಕಾಗದ ಹಾಕಿದ್ದಾರೆ. ಎರಡು ಮಾತನ್ನೂ ನಾವು ಒಪ್ಪುವುದಿಲ್ಲ. ಬಸವಕಲ್ಯಾಣದಲ್ಲಿ ಕೂತು ಇದನ್ನು ಕೇಳಿ ಸುಮ್ಮನಿರುವುದೂ ಆಗದು. ಈ ಸಂಚಿಕೆ ಆಟಗಳ ವಿಶೇಷ. ಲೇಖನಗಳು ಮುಂದಿನ ಪುಟಗಳಲ್ಲಿವೆ.

ಮೊದಲು ಓದುಗರ ಆಕ್ಷೇಪ ನೋಡೋಣ. ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಶಕ 1051ರಲ್ಲಿ, ಎಂದರೆ 1129ರ ಸುಮಾರಿಗೆ, ‘ಮಾನಸೋಲ್ಲಾಸ’ ಬರೆದ. ‘ಅಭಿಲಷಿತಾರ್ಥ ಚಿಂತಾಮಣಿ’ ಅದರ ಇನ್ನೊಂದು ಹೆಸರು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿ, ಒಟ್ಟು ನೂರು ಅಧ್ಯಾಯ. ಕೊನೆಯ ವಿಂಶತಿ ಇಡಿಯಾಗಿ ಕ್ರೀಡೆಗೆ ಮೀಸಲು. ಚತುರಂಗ, ದಾಳದ ಪಾಶಕ, ಕವಡೆಯ ವರಾಟಿಕಾ, ಫಂಜಿಕಾ ಒಂದೊಂದಕ್ಕೂ ಅಲ್ಲಿ ಪ್ರತ್ಯೇಕ ಜಾಗವಿದೆ. ರಾಜ್ಯ ಗಳಿಸುವುದು ಹೇಗೆಂದು ಹೇಳಲು ಇಪ್ಪತ್ತು ಅಧ್ಯಾಯ ತೆಗೆದುಕೊಂಡ ದೊರೆ, ಆಟ ಆಡುವುದು ಹೇಗೆಂದು ಹೇಳಲೂ ಅಷ್ಟೇ ಅಧ್ಯಾಯ ತೆಗೆದುಕೊಂಡ. ಆಟವನ್ನು ವಿದ್ಯೆಗಳ ಸಾಲಿನಲ್ಲಿ ಕೂರಿಸಿದ ಊರು ನಮ್ಮದು. ಆಟಕ್ಕೆ ಪುಟ ಬೇಡ ಎನ್ನುವವರು ಮೊದಲು ಸೋಮೇಶ್ವರನಿಗೆ ಉತ್ತರ ಕೊಡಲಿ.

ಆ ಗ್ರಂಥದ ಗತಿಯನ್ನೂ ನೋಡಿ. ಅದರ ಮೂರು ಸಂಪುಟಗಳು ಗಾಯಕವಾಡ ಪ್ರಾಚ್ಯಮಾಲೆಯಲ್ಲಿ 1925, 1939 ಮತ್ತು 1961ರಲ್ಲಿ ಹೊರಬಂದದ್ದು ಬರೋಡಾದಿಂದ. ಕಲ್ಯಾಣದ ಶಾಲೆಯ ಮಗುವಿಗೆ ಇವತ್ತಿಗೂ ಅದರ ಒಂದು ಆಟವೂ ಕೈಗೆ ಸಿಗುವ ರೂಪದಲ್ಲಿಲ್ಲ. ಕರ್ನಾಟಕದಲ್ಲಿ ಹಳೆಯ ಆಟಗಳ ಮಾತು ಬಂದರೆ ಅದು ಮೈಸೂರಿನಲ್ಲಿ ಹುಟ್ಟಿ ಮೈಸೂರಿನಲ್ಲೇ ಮುಗಿಯುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ, ಜಗನ್ಮೋಹನ ಅರಮನೆಯ ಗೋಡೆಯ ಆಟದ ಚಿತ್ರಗಳು, ಗಂಜೀಫಾ ಎಲೆಗಳು ಎಲ್ಲವೂ ಅಮೂಲ್ಯ. ಪಗಡೆ, ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿಯಾಟಗಳನ್ನು ಮತ್ತೆ ಮನೆಗಳಿಗೆ ತಂದ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ‘ಕ್ರೀಡಾ ಕೌಶಲ್ಯ’ದ ಕೆಲಸಕ್ಕೆ ನಮ್ಮ ಗೌರವವಿದೆ. ಆದರೆ ಮುಮ್ಮಡಿಯವರಿಗಿಂತ ಏಳು ಶತಮಾನ ಹಿಂದೆಯೇ ಇಲ್ಲಿ ಬರೆದಿಟ್ಟದ್ದನ್ನು ನಾಡಿನ ಸಾಂಸ್ಕೃತಿಕ ಚರಿತ್ರೆ ಅಡಿಟಿಪ್ಪಣಿಗೆ ತಳ್ಳುವುದು ನಮಗೆ ನೋವಿನ ಸಂಗತಿ. ನಮ್ಮ ಈ ಪ್ರದೇಶದ ಹೆಸರನ್ನು 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಬದಲಿಸಿದರು. ಹೆಸರಿನ ಹಿಂದೆ ಇದ್ದದ್ದನ್ನು ಓದುವ ಕೆಲಸ ಹಾಗೇ ಉಳಿದಿದೆ.

ನಾವು ಕೈಬಿಟ್ಟದ್ದನ್ನು ಬೇರೆಯವರು ಎತ್ತಿಕೊಳ್ಳುತ್ತಾರೆ. ಪಚ್ಚೀಸು ಅಮೆರಿಕಕ್ಕೆ ಹೋಗಿ ಹತ್ತೊಂಬತ್ತನೆಯ ಶತಮಾನದಲ್ಲೇ ಪಾರ್ಚೀಸಿ ಎಂಬ ಕಂಪನಿ ಸರಕಾಯಿತು. ಇಂಗ್ಲೆಂಡಿನಲ್ಲಿ 1896ರಲ್ಲಿ ಲೂಡೊ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆಯಿತು. ಇವತ್ತು ಹುಮನಾಬಾದಿನ ಸ್ಟೇಷನರಿ ಅಂಗಡಿಯಲ್ಲಿ ಅಜ್ಜಿಯ ಆಟವನ್ನು ಮೊಮ್ಮಗ ಲೂಡೊ ಎಂದು ಕೇಳಿ ಕೊಳ್ಳುತ್ತಾನೆ.

ಇನ್ನು ಭಿಕ್ಷೆಯ ಮಾತು. ಕನ್ನಡದಲ್ಲಿ ಹೊಸ ಆಟವೊಂದನ್ನು ಕಟ್ಟುವವನಿಗೆ ಇರುವ ದಾರಿಗಳಾದರೂ ಯಾವುವು? ಸರ್ಕಾರದ ಕಣ್ಣಿಗೆ ಪುಸ್ತಕ ಸಂಸ್ಕೃತಿ, ಆಟ ಬರೀ ಸರಕು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಬೋರ್ಡ್ ಗೇಮ್ ಮೇಲೆ ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿಯಿತಾದರೂ ಸೊನ್ನೆಯಾಗಲಿಲ್ಲ. ಅಂಚೆ ಇಲಾಖೆ 2025ರ ಮೇ 1ರಂದು ತಂದ ಜ್ಞಾನ ಪೋಸ್ಟಿನ ಅಗ್ಗದ ದರ ಪುಸ್ತಕಕ್ಕೆ ದಕ್ಕಿತು. ಆಟದ ಪೆಟ್ಟಿಗೆ ಪಾರ್ಸೆಲ್ಲಿನ ದರ ತೆರಬೇಕು. ಗ್ರಂಥಾಲಯದ ಸಗಟು ಖರೀದಿ, ಅಕಾಡೆಮಿಗಳ ಪುಸ್ತಕ ಬಹುಮಾನ ಇವುಗಳಲ್ಲೂ ಆಟಕ್ಕೆ ಪಾಲಿಲ್ಲ. ಚರಿತ್ರೆಯನ್ನು ಅರವತ್ತು ಚೀಟಿಗಳಲ್ಲಿ, ಒಂದು ಹಾಸಿನ ಮೇಲೆ, ನಾಲ್ಕು ಜನ ಕೂಡಿ ಅನುಭವಿಸುವಂತೆ ಹೆಣೆದವನೂ ಲೇಖಕನೇ ಎಂದು ಯಾವ ಸಂಸ್ಥೆಯೂ ಒಪ್ಪಿಲ್ಲ. ನಮ್ಮೂರಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲು ಬಿತ್ತು. ಆಗಿನ ಅಂದಾಜು 500 ಕೋಟಿ ರೂಪಾಯಿ. ಅಷ್ಟು ದೊಡ್ಡ ಕಟ್ಟಡ ಸರ್ಕಾರ ಕಟ್ಟುವುದೇ ಸರಿ. ಆದರೆ ಅಲ್ಲಿಗೆ ಬಂದ ಮಗು ಶರಣರ ಕಾಯಕ-ದಾಸೋಹದ ಬದುಕನ್ನು ಆಡಿ ತಿಳಿಯುವ ಒಂದು ಪೆಟ್ಟಿಗೆಯೂ ಟೆಂಡರಿನಿಂದಲೇ ಬರಬೇಕೆಂದು ಕಾಯುವುದು ನಮಗೆ ಒಪ್ಪಿಗೆಯಿಲ್ಲ.

ಸರ್ಕಾರವಿಲ್ಲದಿದ್ದರೆ ಉಳಿಯುವುದು ಕನ್ನಡದ ಹಳೆಯ ದಾರಿ: ಒಬ್ಬ ಮನುಷ್ಯ ಸ್ವಂತದ್ದನ್ನೆಲ್ಲ ಸುರಿದು ನಾಡಿಗಾಗಿ ಬರಿಗೈಯಾಗುವುದು. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಹಳ್ಳಿಹಳ್ಳಿ ತಿರುಗಿ ತಾಡವಾಲೆ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. ವಚನಗಳನ್ನು ಅಚ್ಚು ಹಾಕಲು ಸ್ವಂತ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ತೆರೆದರು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರಿಗೆ ಮಾರಲು ಹೋದರು. ಪ್ರತಿ ಜಯಂತಿಯಲ್ಲೂ ನಾವು ಆ ಮಾರಿದ ಮನೆಯನ್ನು, ಆ ಹೊತ್ತ ಗಂಟನ್ನು ಕೊಂಡಾಡುತ್ತೇವೆ. ಆ ಕಾಲದ ಓದುಗರಲ್ಲಿ ಸಾವಿರ ಮಂದಿ ಮುಂಗಡವಾಗಿ ಒಂದೊಂದು ರೂಪಾಯಿ ಕೊಟ್ಟಿದ್ದರೆ ಆ ಭಾರ ಒಬ್ಬರ ಹೆಗಲ ಮೇಲೆ ಬೀಳುತ್ತಿರಲಿಲ್ಲ ಎಂಬ ಮಾತನ್ನು ಯಾವ ಭಾಷಣಕಾರನೂ ಆಡುವುದಿಲ್ಲ. ತ್ಯಾಗವನ್ನು ಹೊಗಳುವ ಸಮಾಜ ತ್ಯಾಗ ಮಾಡಿಸುವುದನ್ನು ನಿಲ್ಲಿಸಬೇಕು. ಹೊಸದನ್ನು ಕಟ್ಟುವವನ ನಷ್ಟದ ಭಯವನ್ನು ಸಾವಿರ ಜನ ಹಂಚಿಕೊಳ್ಳಬೇಕು. ಕ್ರೌಡ್‌ಫಂಡಿಂಗ್ ಎಂದು ಇವತ್ತು ಕರೆಯುವ ಏರ್ಪಾಡಿನ ತಿರುಳು ಇಷ್ಟೇ. ಇದರಲ್ಲಿ ಭಿಕ್ಷೆ ಎಲ್ಲಿದೆ?

ಇದು ಪರದೇಶದಿಂದ ಬಂದ ಚಾಳಿಯೆನ್ನುವವರು ಧಾರವಾಡದ ಕಡೆ ನೋಡಲಿ. ಜಿ.ಬಿ. ಜೋಶಿಯವರು 1933ರಲ್ಲಿ ಹುಟ್ಟುಹಾಕಿದ ಮನೋಹರ ಗ್ರಂಥಮಾಲೆ ಚಂದಾದಾರರ ನಂಬಿಕೆಯ ಮೇಲೆ ನಿಂತಿತು. ಮುಂದೆ ಬರುವ ಪುಸ್ತಕ ಯಾವುದೆಂದು ನೋಡುವ ಮೊದಲೇ ಓದುಗರು ಚಂದಾ ಕಟ್ಟಿದರು. ಶ್ಯಾಮ್ ಬೆನೆಗಲ್ ಅವರ ‘ಮಂಥನ್’ ಚಿತ್ರಕ್ಕೆ 1976ರಲ್ಲಿ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿದರು. ಕನ್ನಡದ ‘ಲೂಸಿಯಾ’ಕ್ಕೆ ನಿರ್ಮಾಪಕರು ಸಿಗದಿದ್ದಾಗ ಪವನ್ ಕುಮಾರ್ ನೇರವಾಗಿ ಪ್ರೇಕ್ಷಕರನ್ನು ಕೇಳಿದರು. ನೂರಕ್ಕೂ ಹೆಚ್ಚು ಮಂದಿ ಸುಮಾರು ಅರ್ಧ ಕೋಟಿ ರೂಪಾಯಿ ಕೂಡಿಸಿದರು, 2013ರಲ್ಲಿ ಚಿತ್ರ ತೆರೆ ಕಂಡಿತು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ, ಗಲ್ಲಿಯ ಗಣಪತಿಗೆ ಪಟ್ಟಿ ಕೊಡುವಾಗ ಯಾರಿಗೂ ಅದು ಭಿಕ್ಷೆ ಅನ್ನಿಸಿಲ್ಲ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಶಾಲೆಯೂ ಜನ ಕೈಯೆತ್ತಿ ಕೊಟ್ಟದ್ದರಿಂದಲೇ ನಡೆಯಿತು.

ಆದರೆ ಕೇಳುವವರಿಗೂ ನಮ್ಮ ಮಾತಿದೆ, ಅದು ಕಟುವಾಗಿಯೇ ಇದೆ. ಒಂದು ಚಂದದ ಚಿತ್ರ, ಒಂದು ವಿಡಿಯೊ, ಕಲ್ಯಾಣದ ಹೆಸರು ಇಷ್ಟನ್ನೇ ಹಿಡಿದು ರೊಕ್ಕ ಕೇಳುವವರನ್ನು ನಾವು ಬೆಂಬಲಿಸುವುದಿಲ್ಲ. ಮಂದಿಯ ಮುಂದೆ ಕೈ ಚಾಚುವ ಮೊದಲು ಆಟ ಮುಗಿದಿರಬೇಕು. ರಟ್ಟು ಕತ್ತರಿಸಿ ಮಾಡಿದ ಕಚ್ಚಾ ಮಾದರಿಯನ್ನು ಗೆಳೆಯರ ನಡುವೆ ಆಡಿ ಭೇಷ್ ಎನಿಸಿಕೊಂಡರೆ ಸಾಲದು. ನಿಯಮದ ಪುಸ್ತಿಕೆಯನ್ನು ಅಪರಿಚಿತರ ಕೈಗಿಟ್ಟು, ತಾನು ಬಾಯಿ ಮುಚ್ಚಿ ಕೂತು, ಅವರು ಎಲ್ಲಿ ತಡವರಿಸುತ್ತಾರೆಂದು ಬರೆದುಕೊಳ್ಳಬೇಕು. ಮಾಣಿಕನಗರದ ದತ್ತ ಜಯಂತಿಗೆ ಬರುವ ಜನರಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ಆಡುವವರೆಲ್ಲ ಇದ್ದಾರೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೆಂಗಳೂರಿನ ಯಾವ ಕೆಫೆಯಲ್ಲೂ ಸಿಗದು. ಪುಸ್ತಿಕೆ ಕನ್ನಡದಲ್ಲೇ ಮೊದಲು ಹುಟ್ಟಬೇಕು. ಪೆಟ್ಟಿಗೆಯ ಮೇಲೆ ಕನ್ನಡದ ಹೆಸರು, ಒಳಗೆಲ್ಲ ಇಂಗ್ಲಿಷು ಎಂಬ ವ್ಯಾಪಾರ ನಮಗೆ ಬೇಡ.

ಆಮೇಲೆ ಲೆಕ್ಕ. 500 ಪ್ರತಿಯ ಒಂದು ಆಟವನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಪೆಟ್ಟಿಗೆಗೆ 600 ರೂಪಾಯಿಯಂತೆ ತಯಾರಿಕೆ 3 ಲಕ್ಷ. ಚಿತ್ರಕಾರರಿಗೆ 60 ಸಾವಿರ, ಮಾದರಿಗಳಿಗೆ 20 ಸಾವಿರ, ತಲಾ 120ರಂತೆ ಅಂಚೆ 60 ಸಾವಿರ, ದಾರಿಯಲ್ಲಿ ಜಜ್ಜಿ ಹೋಗುವ ಪೆಟ್ಟಿಗೆಗಳಿಗೆ 15 ಸಾವಿರ. ಬೆಲೆ 1,200 ಇಟ್ಟು ಎಲ್ಲ ಪ್ರತಿಗೂ ಮುಂಗಡ ಬಂದರೆ 6 ಲಕ್ಷ; ವೇದಿಕೆ ಮತ್ತು ಪಾವತಿಯ ಶುಲ್ಕವೆಂದು ಹತ್ತನೆಯ ಒಂದು ಪಾಲು ತೆಗೆದರೆ ಉಳಿಯುವುದು 85 ಸಾವಿರ. ತೆರಿಗೆ ಕಳೆದ ಮೇಲೆ ಅದೇ ಆಟ ಕಟ್ಟಿದವನ ವರ್ಷಗಟ್ಟಲೆಯ ಕೂಲಿ. 900ಕ್ಕೇ ಕೊಡುತ್ತೇನೆಂದು ಉತ್ಸಾಹದಲ್ಲಿ ಘೋಷಿಸಿದವನು ಗೆದ್ದೂ ಸಾಲಗಾರನಾಗುತ್ತಾನೆ. ಗುರಿ ಮುಟ್ಟದಿದ್ದರೆ ಪ್ರತಿಯೊಬ್ಬರ ರೊಕ್ಕವೂ ವಾಪಸು ಹೋಗಬೇಕು, ಅರ್ಧಂಬರ್ಧ ಬಂದದ್ದನ್ನು ಇಟ್ಟುಕೊಳ್ಳಬಾರದು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಬಿಐಎಸ್ ಗುರುತು ಕಡ್ಡಾಯ. ನಮ್ಮ ಆಟ ಯಾವ ವಯಸ್ಸಿನವರಿಗೆ ಎಂಬುದನ್ನು ಪೆಟ್ಟಿಗೆ ಅಚ್ಚಾಗುವ ಮೊದಲೇ ತೀರ್ಮಾನಿಸಬೇಕು. ಬಿದರಿಯ ಕಾಯಿ, ಬಿದರಿಯ ದಾಳ ಮಾಡಿಸುವ ಆಸೆ ಒಳ್ಳೆಯದು. ಆದರೆ ಕುಶಲಕರ್ಮಿ ತಿಂಗಳಿಗೆ ಎಷ್ಟು ಕಾಯಿ ಮಾಡಬಲ್ಲರೆಂದು ಬೀದರಿಗೆ ಹೋಗಿ ಕೇಳಿದ ಮೇಲಷ್ಟೇ ಆ ಮಾತು ಕೊಡಬೇಕು.

ಅಮೆರಿಕದ ಒಂದು ಪ್ರಸಂಗ ಎಲ್ಲರಿಗೂ ಪಾಠವಾಗಲಿ. ‘ದಿ ಡೂಮ್ ದಟ್ ಕೇಮ್ ಟು ಅಟ್ಲಾಂಟಿಕ್ ಸಿಟಿ’ ಎಂಬ ಆಟಕ್ಕೆ 2012ರಲ್ಲಿ 35 ಸಾವಿರ ಡಾಲರ್ ಕೇಳಿದರು, 1,246 ಜನ 1.22 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟರು. ಕೂಡಿಸಿದವರು ಅದನ್ನು ಸ್ವಂತ ಖರ್ಚಿಗೆ ಬಳಸಿದರೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2015ರಲ್ಲಿ ಕ್ರಮ ಜರುಗಿಸಿತು. ಅಂಥದ್ದೊಂದು ಕನ್ನಡದಲ್ಲಿ ನಡೆದರೆ ಮುಂದಿನ ಹತ್ತು ವರ್ಷ ಯಾವ ಪ್ರಾಮಾಣಿಕನೂ ಜನರ ಮುಂದೆ ನಿಲ್ಲಲಾರ.

ಕಿಕ್‌ಸ್ಟಾರ್ಟರ್ ಎಂಬ ಹೆಸರನ್ನು ಜಪಿಸುವವರು ಇದನ್ನೂ ತಿಳಿಯಬೇಕು: ಅಲ್ಲಿ ಯೋಜನೆ ಹೂಡಬಹುದಾದ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಹಾಗಿದ್ದೂ ಮುಂಬಯಿಯ ಮೀಮ್‌ಸಿಸ್ ಕಲ್ಚರ್ ಲ್ಯಾಬಿನ ‘ಶಾಸನ್’ ರಾಜಕೀಯದಾಟ 2019ರಲ್ಲಿ ಅಲ್ಲಿ ಗೆದ್ದಿತು, ನಿಜ. ಬಸವಕಲ್ಯಾಣದ ಹುಡುಗಿಯೊಬ್ಬಳಿಗೆ ಆ ದಾರಿ ಸುಲಭವಲ್ಲ. ಇಲ್ಲಿನ ಮಿಲಾಪ್, ಕೆಟ್ಟೊಗಳಲ್ಲಿ ತುಂಬಿರುವುದು ಆಸ್ಪತ್ರೆ ಖರ್ಚಿನ ಮೊರೆಗಳು. ಅವುಗಳ ಪಕ್ಕ ಆಟದ ಪೆಟ್ಟಿಗೆಗೆ ರೊಕ್ಕ ಕೇಳಲು ಯಾರಿಗಾದರೂ ಮನಸ್ಸು ಹಿಂಜರಿಯುತ್ತದೆ. ಹಾಗಾಗಿ ನಮಗೆ ಬೇಕಾದದ್ದು ನಂಬಿಕೆಯ ಕನ್ನಡ ಏರ್ಪಾಡು. ಯುಪಿಐ ಬಂದ ಮೇಲೆ ರೊಕ್ಕ ಕಳಿಸುವುದು ಕಷ್ಟವಲ್ಲ. ಬಂದ ರೊಕ್ಕವನ್ನು ಬೇರೆ ಖಾತೆಯಲ್ಲಿ ಇಟ್ಟು, ಖರ್ಚನ್ನು ಎಲ್ಲರೆದುರು ಒಪ್ಪಿಸುವವರು ಬೇಕು. ಕಾಲೇಜುಗಳು, ಮಠಗಳು, ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳು ಈ ಜವಾಬ್ದಾರಿಗೆ ಯಾಕೆ ಹೆಗಲು ಕೊಡಬಾರದು? ಸನ್ಮಾನದ ಶಾಲಿಗೆ ಹೋಗುವ ರೊಕ್ಕದಲ್ಲಿ ಪ್ರತಿ ಘಟಕವೂ ಒಂದೊಂದು ಹೊಸ ಆಟದ ಹತ್ತು ಪ್ರತಿಗೆ ಮುಂಗಡ ಕಟ್ಟಬಹುದು.

ನಮ್ಮ ಪತ್ರಿಕೆಯ ನಿಲುವು ಸ್ಪಷ್ಟ. ಆಡಿ ಪರೀಕ್ಷಿಸಿದ ಮಾದರಿ, ಕನ್ನಡದ ನಿಯಮ ಪುಸ್ತಿಕೆ, ಬಿಡಿಬಿಡಿಯಾದ ಖರ್ಚಿನ ಪಟ್ಟಿ, ವಾಪಸಾತಿಯ ಲಿಖಿತ ಮಾತು ಈ ನಾಲ್ಕು ಇದ್ದ ಯಾವುದೇ ಆಟದ ಕರೆಯನ್ನು ನಾವು ಜಾಹೀರಾತಿನ ರೊಕ್ಕ ಪಡೆಯದೆ ಅಚ್ಚು ಹಾಕುತ್ತೇವೆ, ಮೊದಲ ಮುಂಗಡವನ್ನೂ ಕಟ್ಟುತ್ತೇವೆ. ಪೆಟ್ಟಿಗೆ ಓದುಗರ ಮನೆ ಮುಟ್ಟಿತೋ ಇಲ್ಲವೋ ಎಂಬುದನ್ನೂ ಅಷ್ಟೇ ದೊಡ್ಡದಾಗಿ ಬರೆಯುತ್ತೇವೆ. ‘ಮಾನಸೋಲ್ಲಾಸ’ಕ್ಕೆ 2029ರಲ್ಲಿ ಒಂಬೈನೂರು ವರ್ಷ ತುಂಬುತ್ತದೆ. ಆ ಹೊತ್ತಿಗೆ ವಿಚಾರ ಸಂಕಿರಣಗಳು ನಡೆಯುತ್ತವೆ, ಸ್ಮರಣ ಸಂಚಿಕೆಗಳು ಬರುತ್ತವೆ. ಅದರ ಜೊತೆಗೆ ಕಲ್ಯಾಣದಲ್ಲಿ ಹುಟ್ಟಿದ, ಕನ್ನಡದಲ್ಲಿ ಆಡುವ, ಸಾವಿರ ಕನ್ನಡಿಗರ ಮುಂಗಡದಿಂದ ತಯಾರಾದ ಒಂದಾದರೂ ಆಟ ಇರಲೇಬೇಕು, ಮತ್ತು ಅದನ್ನು ಕಟ್ಟಿದವನ ಮನೆ ಅವನ ಹೆಸರಿನಲ್ಲೇ ಉಳಿದಿರಬೇಕು.