ಮನೆವಾರ್ತೆ: ಹಳೆಯ ಜೀಪಿನ ಜೀರ್ಣೋದ್ಧಾರ

ಗೋಡೆ ಬಿರಿದರೆ ಮಾಡತಕ್ಕದ್ದೇನು, ಕಣಜಕ್ಕೆ ಹುಳು ಬಿದ್ದರೆ ಮಾಡತಕ್ಕದ್ದೇನು ಎಂಬ ವಿಷಯಗಳನ್ನು ಈ ಪುಟದಲ್ಲಿ ಹಿಂದೆ ಬರೆದಿರುವೆವು. ಈ ಸಲದ ವಿಚಾರವು ಕೊಟ್ಟಿಗೆಯದು, ಆದರೆ ದನಕರುಗಳದ್ದಲ್ಲ. ನಮ್ಮ ಸರಗೂರಿನ ಸುತ್ತಮುತ್ತ ಅನೇಕ ಮನೆಗಳಲ್ಲಿ ಹಸುವಿನ ಪಕ್ಕಕ್ಕೆ ಒಂದು ದೊಡ್ಡ ಹಳೆಯ ಜೀಪು ನಿಂತಿರುತ್ತದೆ. ಅದರ ನೆತ್ತಿಯ ಮೇಲೆ ಹುಲ್ಲಿನ ಹೊರೆ, ಹೊಟ್ಟೆಯೊಳಗೆ ಇಲಿಯ ಸಂಸಾರ. ಮಾರಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ. ಅಂತಹುದೊಂದು ನಮ್ಮ ಮನೆಯಲ್ಲಿಯೂ ಒಂಬತ್ತು ವರ್ಷ ನಿಂತಿತ್ತು. ಅದನ್ನು ಮನೆಯಲ್ಲಿಯೇ ದುರಸ್ತುಮಾಡಿದ ಬಗೆಯನ್ನು ವಾಚಕರಿಗೆ ತಿಳಿಸುವೆವು.

ಗಾಡಿಯು ಮಹೀಂದ್ರ ಕಂಪೆನಿಯ ಅರ್ಮಾಡಾ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಒಹಾಯೋ ಸೀಮೆಯ ಟೊಲೀಡೋ ಪಟ್ಟಣದಲ್ಲಿ ವಿಲ್ಲಿಸ್ ಕಂಪೆನಿಯವರು ಸೈನ್ಯಕ್ಕಾಗಿ ಮಾಡಿದ ಜೀಪಿನ ವಂಶವಿದು. ಯುದ್ಧಾನಂತರ ಮಹೀಂದ್ರದವರು ಅದೇ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದರು. 1993ರಲ್ಲಿ ಅದೇ ಜಾತಿಯ ಉದ್ದವಾದ ಚಾಸಿಯ ಮೇಲೆ ತಗಡಿನ ಮುಚ್ಚುಮೈ ಕೂರಿಸಿ ಅರ್ಮಾಡಾ ಎಂದು ಹೆಸರಿಟ್ಟರು. 2000ದಲ್ಲಿ ಬಂದ ಬೊಲೆರೋ ಇದರ ಸಂತತಿಯೇ. ಇದರ ಎಂಜಿನು ಫ್ರಾನ್ಸಿನ ಪ್ಯೂಜೋ ಕಂಪೆನಿಯ ವಿನ್ಯಾಸದ ಡೀಸೆಲ್ ಯಂತ್ರ: ನಾಲ್ಕು ಸಿಲಿಂಡರು, ಒಂದೊಂದರ ಬಾಯಿ 90 ಮಿಲಿಮೀಟರು, ಒಟ್ಟು 2112 ಸಿ.ಸಿ. ನಾಲ್ಕು ಚಕ್ರಗಳಿಗೂ ಎತ್ತಿನ ಗಾಡಿಯ ಕಾಲದಿಂದ ನಮ್ಮ ಕಮ್ಮಾರರು ಬಲ್ಲ ಕಮಾನುಪಟ್ಟಿಗಳು. ಕಂಪ್ಯೂಟರೆಂಬುದು ಇದರಲ್ಲಿ ಎಲ್ಲಿಯೂ ಇಲ್ಲ. ಮನೆಯಲ್ಲಿ ಬಿಚ್ಚಿ ಕಟ್ಟುವುದು ಸಾಧ್ಯವಾದುದಕ್ಕೆ ಇದೇ ಮುಖ್ಯ ಕಾರಣ.

ನಮ್ಮ ಅಣ್ಣನವರು ಇದನ್ನು 1998ರಲ್ಲಿ ಕೊಂಡರು. ಹತ್ತಿಯ ಅಂಡಿಗೆಗಳು, ಮದುವೆಯ ದಿಬ್ಬಣ, ಹೆರಿಗೆಯ ನೋವು ತಿನ್ನುತ್ತಿದ್ದ ನೆರೆಹೊರೆಯ ಹೆಣ್ಣುಮಕ್ಕಳು, ಎಲ್ಲವೂ ಇದರಲ್ಲಿ ಸಾಗಿದವು. 2015ರಲ್ಲಿ ಅಣ್ಣನವರು ತೀರಿಕೊಂಡರು. ಮರುವರ್ಷ ನಾವು ಹನ್ನೊಂದು ಮಂದಿ ಚಿಕ್ಕದೇವಮ್ಮನ ಬೆಟ್ಟಕ್ಕೆ ಹೋಗಿ ಇಳಿದು ಬರುತ್ತಿದ್ದಾಗ ಬ್ರೇಕಿನ ಪೆಡಲು ಇದ್ದಕ್ಕಿದ್ದಂತೆ ಹಲಗೆಯವರೆಗೂ ಮೆತ್ತಗೆ ಕುಸಿಯಿತು. ಕೈಬ್ರೇಕನ್ನು ಎಳೆದು, ಗೇರನ್ನು ಒಂದನೆಯದಕ್ಕೆ ತಳ್ಳಿ, ಬಲಗಡೆಯ ಮಣ್ಣಿನ ದಿಬ್ಬಕ್ಕೆ ಗಾಡಿಯನ್ನು ಒರಗಿಸಿ ನಿಲ್ಲಿಸಿದೆವು. ಎಡಗಡೆ ಏನಿತ್ತೆಂಬುದನ್ನು ಆ ದಾರಿಯಲ್ಲಿ ಹೋದವರಿಗೆ ಹೇಳಬೇಕಾದುದಿಲ್ಲ. ಯಾರಿಗೂ ಗಾಯವಾಗಲಿಲ್ಲ. ಆದರೆ ಅತ್ತಿಗೆಯವರು ಅಂದಿನಿಂದ ಗಾಡಿಯ ಬೀಗದಕೈಯನ್ನು ದೇವರ ಗೂಡಿನಲ್ಲಿಟ್ಟರು. ಅದು ಅಲ್ಲಿಯೇ ಉಳಿಯಿತು.

2025ರಲ್ಲಿ ಅಣ್ಣನ ಮಗನು ಬೆಂಗಳೂರಿನ ಕೆಲಸವನ್ನು ಬಿಟ್ಟು ಊರಿಗೆ ಬಂದು ಶುಂಠಿ ಬೇಸಾಯಕ್ಕೆ ಇಳಿದನು. ಬಂದವನ ಕಣ್ಣು ಮೊದಲು ಬಿದ್ದುದು ಗಾಡಿಯ ಮೇಲೆ. ಅವನಲ್ಲಿ ಚಿತ್ರಗಳಿದ್ದವು: ಎದೆಮಟ್ಟದ ಟೈರು, ಎತ್ತರಿಸಿದ ಮೈ, ಮುಂದೆ ಕಬ್ಬಿಣದ ಅಡ್ಡಗಂಬ, ನೆತ್ತಿಯ ಮೇಲೆ ಆರು ದೀಪ. “ಚಿಕ್ಕಪ್ಪ, ಕಾಡಂಚಿನ ಊರು ನಮ್ಮದು, ಗಾಡಿ ಕೂಡ ಹಾಗೇ ಕಾಣಬೇಕು” ಎಂದನು. “ಮೊದಲು ಅದು ನಿಲ್ಲುವುದನ್ನು ಕಲಿಯಲಪ್ಪ, ಕಾಣುವುದು ಆಮೇಲೆ” ಎಂದೆವು. ಅತ್ತಿಗೆಯವರು ಏನನ್ನೂ ಹೇಳಲಿಲ್ಲ, ಬೀಗದಕೈಯನ್ನೂ ಕೊಡಲಿಲ್ಲ. ಬಾಗಿಲುಗಳಿಗೆ ಬೀಗ ಹಾಕಿರಲಿಲ್ಲವಾದುದರಿಂದ ನಾವು ಕೆಲಸವನ್ನು ಆರಂಭಿಸಿದೆವು.

ಮೊದಲ ಕೆಲಸ ನೋಡುವುದು. ಅದಕ್ಕೆ ಬೇಕಾದುದು ಚಿಕ್ಕ ಸುತ್ತಿಗೆ, ಟಾರ್ಚು, ಹಳೆಯ ಚಾಪೆ. ಚಕ್ರ ಬಿಚ್ಚುವಾಗ ಜಾಕಿಯೊಂದನ್ನೇ ನಂಬಿ ಗಾಡಿಯ ಅಡಿಗೆ ಎಂದಿಗೂ ತೂರಬಾರದು. ಗಟ್ಟಿನೆಲದ ಮೇಲೆ ಚಾಸಿಗೆ ಮರದ ದಿಮ್ಮಿಗಳ ಆಸರೆ ಕೊಟ್ಟು, ಗಾಡಿಯನ್ನು ಅಲುಗಿಸಿ ನೋಡಿ ಅನಂತರ ಮಲಗತಕ್ಕದ್ದು. ಸುತ್ತಿಗೆಯಿಂದ ಚಾಸಿಯನ್ನು ಗೇಣಿಗೊಂದು ಸಲ ಮೆಲ್ಲನೆ ಬಡಿಯುತ್ತ ಹೋದರೆ ಗಟ್ಟಿಯಾದೆಡೆ ಗಂಟೆಯಂತೆ ಖಣಿಲೆನ್ನುವುದು, ತುಕ್ಕು ತಿಂದೆಡೆ ಒಡೆದ ಮಡಕೆಯಂತೆ ಬೊದ್ದೆನ್ನುವುದು. ನಮ್ಮದರಲ್ಲಿ ಚಾಸಿಯ ಉದ್ದಕ್ಕೂ ಗಂಟೆಯ ನಾದವೇ ಕೇಳಿಸಿತು. ಚಾಸಿಯೇ ಕೊಳೆತಿದ್ದರೆ ಅಂತಹ ಗಾಡಿಯನ್ನು ಗುಜರಿಗೆ ಕೊಡುವುದೇ ವಿವೇಕ. ಆದರೆ ಕಾಲಿಡುವ ತಗಡು, ಬಾಗಿಲುಗಳ ತಳ, ಹಿಂಚಕ್ರದ ಮೇಲಣ ಕಮಾನು, ಇವು ಮೂರೂ ಹಪ್ಪಳದಂತಾಗಿದ್ದವು.

ಬಾಗಿಲುಗಳ ತಳ ಕೊಳೆಯಲು ಕಾರಣ ಬಲು ಸಣ್ಣದು. ಗಾಜಿನ ಸಂದಿನಿಂದ ಇಳಿಯುವ ಮಳೆಯ ನೀರು ಹೊರಕ್ಕೆ ಹೋಗಲೆಂದು ಬಾಗಿಲಿನ ಕೆಳಗೆ ಕಿರುತೂತುಗಳಿರುತ್ತವೆ. ಧೂಳು ಕೂತು ಅವು ಮುಚ್ಚಿದರೆ ಬಾಗಿಲು ಕೊಡವಾಗುವುದು. ವರ್ಷಕ್ಕೆರಡು ಬಾರಿ ಕಡ್ಡಿಯಿಂದ ಬಿಡಿಸಿದ್ದರೆ ಸಾಕಾಗಿತ್ತು. ಕಮಾನಿನ ಕಥೆ ಬೇರೆ. ಹಿಂದೊಮ್ಮೆ ಪಟ್ಟಣದ ಒಂದು ಕಾರ್ಖಾನೆಯವರು ತುಕ್ಕನ್ನು ಕೆರೆಯದೆಯೇ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಹೊರಗೆ ಕನ್ನಡಿ, ಒಳಗೆ ಗೆದ್ದಲು. ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯುವುದೇ ಸರಿಯಾದ ಉಪಾಯ. ಬೆಸುಗೆಯನ್ನು ಬಲ್ಲವರಿಂದ ಮಾಡಿಸಿದೆವು. ಅದಕ್ಕೆ ಮುಂಚೆ ಬ್ಯಾಟರಿಯ ತಂತಿಯನ್ನೂ ಡೀಸೆಲ್ ತೊಟ್ಟಿಯನ್ನೂ ಬಿಚ್ಚಿಟ್ಟೆವು. ಮಿಕ್ಕ ಕಡೆ ತಂತಿಯ ಬ್ರಷ್ಷಿನಿಂದ ಉಜ್ಜಿ, ಫಾಸ್ಫಾರಿಕ್ ಆಮ್ಲವುಳ್ಳ ದ್ರಾವಣವನ್ನು ಬಳಿದೆವು. ಇದು ಉಳಿದ ತುಕ್ಕನ್ನು ಕಪ್ಪಾದ ಗಟ್ಟಿಪೊರೆಯನ್ನಾಗಿ ಮಾರ್ಪಡಿಸುವುದು. ಅದರ ಮೇಲೆ ಪ್ರೈಮರು, ಅನಂತರ ಬಣ್ಣ. ಕೆಲವರು ತುಕ್ಕಿನ ಮೇಲೆಯೇ ಡಾಂಬರು ಬಳಿಯುವುದುಂಟು. ಡಾಂಬರಿನ ಕೆಳಗೆ ಸಿಕ್ಕಿದ ತೇವವು ಹೊರಬರಲಾರದೆ ಲೋಹವನ್ನು ಇನ್ನೂ ಬೇಗ ತಿನ್ನುವುದು.

ಎಂಜಿನಿನ ವಿಷಯವನ್ನು ಬೇಗ ಮುಗಿಸುವೆವು, ಏಕೆಂದರೆ ಅದು ನಮಗೆ ಹೆಚ್ಚು ಕಷ್ಟ ಕೊಡಲಿಲ್ಲ. ಬಹುಕಾಲ ನಿಂತ ಯಂತ್ರಕ್ಕೆ ಒಮ್ಮೆಲೇ ಬ್ಯಾಟರಿ ಕೊಟ್ಟು ತಿರುಗಿಸಬಾರದು. ಇಂಜೆಕ್ಟರುಗಳನ್ನು ಬಿಚ್ಚಿ, ಸಿಲಿಂಡರಿಗೆ ಒಂದೊಂದು ಚಮಚ ಎಂಜಿನ್ ಎಣ್ಣೆ ಹಾಕಿ, ಒಂದು ರಾತ್ರಿ ಬಿಟ್ಟು, ಮುಂದಿನ ರಾಟೆಯ ನಟ್ಟಿಗೆ ಪಾನ ಹಾಕಿ ಕೈಯಿಂದಲೇ ಎರಡು ಸುತ್ತು ತಿರುಗಿಸಬೇಕು. ಸಲೀಸಾಗಿ ತಿರುಗಿದರೆ ಅರ್ಧ ಗೆದ್ದಂತೆ. ಹಳೆಯ ಡೀಸೆಲನ್ನು ಚೆಲ್ಲಿ ತೊಟ್ಟಿಯನ್ನು ತೊಳೆದು, ಶೋಧಕಗಳನ್ನೂ ರಬ್ಬರಿನ ಕೊಳವೆಗಳನ್ನೂ ಬದಲಿಸಿ, ನಳಿಗೆಯಲ್ಲಿ ಸೇರಿದ ಗಾಳಿಯನ್ನು ಕೈಪಂಪಿನಿಂದ ಹೊರಹಾಕಿದೆವು. ಇಂಜೆಕ್ಷನ್ ಪಂಪನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಅದನ್ನು ಮೈಸೂರಿನಲ್ಲಿ ಪರೀಕ್ಷಾಯಂತ್ರದ ಮೇಲಿಟ್ಟು ಸರಿಮಾಡಿಸಿ ತಂದೆವು. ಬೇಕಾದ ಬಿಡಿಭಾಗಗಳಲ್ಲಿ ಹೆಚ್ಚಿನವು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ದೊರೆತವು. ಅಲ್ಲಿ ಸಿಕ್ಕದ ಬಾಗಿಲಿನ ಹಿಡಿಗಳು ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿದವು.

ಇನ್ನು ಬ್ರೇಕು. ಇದರಲ್ಲಿ ನಿಧಾನಿಸಬೇಕು. ಪೆಡಲನ್ನು ತುಳಿದಾಗ ಚಕ್ರದವರೆಗೂ ಆ ಬಲವನ್ನು ಒಯ್ಯುವುದು ನಳಿಗೆಯಲ್ಲಿರುವ ದ್ರವ. ಈ ದ್ರವಕ್ಕೆ ಒಂದು ದುರ್ಗುಣವುಂಟು. ಉಪ್ಪಿನಂತೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸದಾಗಿದ್ದಾಗ 200 ಡಿಗ್ರಿ ದಾಟಿದ ಶಾಖಕ್ಕೂ ಕುದಿಯದ ದ್ರವವು ನೀರು ಸೇರುತ್ತ ಹೋದಂತೆ ಕಡಮೆ ಶಾಖಕ್ಕೇ ಕುದಿಯತೊಡಗುವುದು. ಬೆಟ್ಟದ ಇಳಿಜಾರಿನಲ್ಲಿ ಪೆಡಲನ್ನು ಬಿಡದೆ ಒತ್ತಿದರೆ ಚಕ್ರದ ಬಳಿ ಕಾವೇರಿ, ದ್ರವ ಕುದಿದು ಆವಿಯಾಗುವುದು. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಆಗ ಪೆಡಲು ಹಲಗೆಗೆ ಕುಸಿಯುವುದು, ಚಕ್ರ ಮಾತ್ರ ನಿಲ್ಲದು. ಕಾವಾರಿದ ಮೇಲೆ ಆವಿ ಮತ್ತೆ ದ್ರವವಾಗಿ ಎಲ್ಲವೂ ಸರಿಯಿರುವಂತೆ ತೋರುವುದು. ಅಂದು ಬೆಟ್ಟದಲ್ಲಿ ಅರ್ಧ ಗಂಟೆ ಕೂತು ಎದ್ದ ಮೇಲೆ ಬ್ರೇಕು ಚೆನ್ನಾಗಿಯೇ ಹಿಡಿದುದಕ್ಕೆ ಇದೇ ಕಾರಣ. ನಾವು ಆಗ ದೇವಿಯ ಕೃಪೆಯೆಂದುಕೊಂಡಿದ್ದೆವು. ಈಗಲೂ ಹಾಗೆನ್ನಲು ಅಡ್ಡಿಯಿಲ್ಲ.

ಅಂದಿಗೆ ಎರಡು ತಿಂಗಳ ಹಿಂದೆ ಬ್ರೇಕಿನ ಕೆಲಸ ಮಾಡಿದ್ದವರು ದ್ರವವನ್ನು ಬದಲಿಸಿದ್ದೇವೆಂದು ಹಣ ಪಡೆದಿದ್ದರು. ಈಗ ನಳಿಗೆಯನ್ನು ಬಿಚ್ಚಿದಾಗ ಹೊರಬಂದುದು ಕಾಫಿಯ ಕಷಾಯದ ಬಣ್ಣದ ನೀರು. ಅಷ್ಟರಲ್ಲಿ ಹುಡುಗನು ಮುಂದಿನ ಸೀಟಿನ ಕೆಳಗಿನಿಂದ ಒಂದು ಪುಸ್ತಕವನ್ನು ಹೊರತೆಗೆದನು. ಅಣ್ಣನವರು ಡೀಸೆಲ್ ಹಾಕಿಸಿದ, ಎಣ್ಣೆ ಬದಲಿಸಿದ ಲೆಕ್ಕವನ್ನೆಲ್ಲ ತಾರೀಖು ಸಹಿತ ಬರೆದಿಟ್ಟಿದ್ದ ಪುಸ್ತಕ. ಅಂಚನ್ನು ಇಲಿ ತಿಂದಿತ್ತು. ಬ್ರೇಕ್ ಎಣ್ಣೆ ಬದಲಾಯಿಸಿದ ಕಡೆಯ ನಮೂದು 2011ರದು. ಅದರ ಕೆಳಗೆ “ಎರಡು ವರ್ಷಕ್ಕೊಮ್ಮೆ ಮರೆಯಬಾರದು” ಎಂದು ಗೆರೆ ಎಳೆದಿದ್ದರು. ಮುಂದಿನ ವರ್ಷಗಳಲ್ಲಿ ಅವರು ಹಾಸಿಗೆ ಹಿಡಿದಿದ್ದರು. ಗಾಡಿಯನ್ನು ಓಡಿಸುತ್ತಿದ್ದವರು ನಾವು. ಆ ಪುಸ್ತಕವನ್ನು ನಾವು ಒಮ್ಮೆಯೂ ತೆರೆದು ನೋಡಿರಲಿಲ್ಲ. ಆದುದರಿಂದ ಪರರ ಮೇಲೆ ನಮಗಿದ್ದ ಸಿಟ್ಟು ಆ ಸಂಜೆ ಅರ್ಧಕ್ಕಿಳಿಯಿತು.

ಚಕ್ರಗಳ ಬ್ರೇಕ್ ಸಿಲಿಂಡರುಗಳ ರಬ್ಬರುಗಳನ್ನೂ ಮಾಸ್ಟರ್ ಸಿಲಿಂಡರನ್ನೂ ತುಕ್ಕು ಹಿಡಿದ ನಳಿಗೆಗಳನ್ನೂ ಹೊಸದಾಗಿ ಹಾಕಿ, ಮೊಹರು ಒಡೆಯದ ಡಬ್ಬಿಯ ದ್ರವವನ್ನೇ ತುಂಬಿದೆವು. ಇದರ ಬದಲು ಎಂಜಿನ್ ಎಣ್ಣೆಯನ್ನು ಹಾಕಿದರೆ ರಬ್ಬರೆಲ್ಲ ಉಬ್ಬಿ ಕೆಡುವುದು.

ಅನಂತರ ಅಲಂಕಾರದ ಜಗಳ. ಮುಂದಣ ಕಬ್ಬಿಣದ ಅಡ್ಡಗಂಬವನ್ನು ಕೇಂದ್ರದ ಸಾರಿಗೆ ಇಲಾಖೆಯು 2017ರ ಡಿಸೆಂಬರಿನಲ್ಲಿಯೇ ನಿಷಿದ್ಧವೆಂದು ಸಾರಿದೆ. ಎದುರಿಗೆ ಸಿಕ್ಕ ದಾರಿಹೋಕನಿಗೆ ಅದು ಮೃತ್ಯುಪ್ರಾಯ. ತಯಾರಕರು ನಿಗದಿಮಾಡಿದ ರೂಪವನ್ನು ಮೀರಿ ಗಾಡಿಯನ್ನು ಮಾರ್ಪಡಿಸಕೂಡದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಂತಹ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೆ ಸೆರೆ. ಕಾನೂನಿನ ಮಾತಿಗೆ ಹುಡುಗನು ಅಷ್ಟಾಗಿ ಬಗ್ಗಲಿಲ್ಲ. ಲೆಕ್ಕದ ಮಾತಿಗೆ ಬಗ್ಗಿದನು. ಟೈರಿನ ಸುತ್ತಳತೆ ನೂರಕ್ಕೆ ಹತ್ತು ಹೆಚ್ಚಿದರೆ ಮುಳ್ಳು 60 ಎಂದು ತೋರುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ. ಅದೇ ಬ್ರೇಕು ಹೆಚ್ಚು ಭಾರದ ಚಕ್ರವನ್ನು ನಿಲ್ಲಿಸಬೇಕು. ಮೈ ಎತ್ತರವಾದಷ್ಟೂ ತಿರುವಿನಲ್ಲಿ ಉರುಳುವ ಭಯ. ಬೆಟ್ಟದ ನೆನಪಿದ್ದವನಿಗೆ ಇಷ್ಟು ಸಾಕಾಯಿತು. ಆದುದರಿಂದ ಕಂಪೆನಿಯ ಅಳತೆಯ ಟೈರುಗಳನ್ನೇ ಕೊಂಡೆವು. ಕೊಳ್ಳುವಾಗ ಟೈರಿನ ಪಕ್ಕೆಯ ನಾಲ್ಕು ಅಂಕಿಗಳನ್ನು ನೋಡಬೇಕು: ಮೊದಲೆರಡು ಅದನ್ನು ಮಾಡಿದ ವಾರ, ಕಡೆಯೆರಡು ವರ್ಷ.

ದೀಪಗಳಲ್ಲಿ ಅವನು ಸೋಲಲಿಲ್ಲ, ನಾವೂ ಸೋಲಲಿಲ್ಲ. ನೆತ್ತಿಯ ಆರು ದೀಪಗಳು ಬೇಡವೆಂದಾಯಿತು. ಅಂತರಸಂತೆಯನ್ನು ದಾಟಿ ಬಾವಲಿಗೆ ಹೋಗುವ ಕಾಡಿನ ದಾರಿಯೇ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುವಾಗ ಆ ಬೆಳಕು ಯಾರಿಗೆ? ಆನೆಯ ಕಣ್ಣಿಗೆ ಬೆಳಕು ಬಿಟ್ಟು ನಾವು ಸಂಪಾದಿಸುವ ಪುಣ್ಯವೇನೂ ಇಲ್ಲ. ಆದರೆ ಹಳೆಯ ದೀಪ ಮಂಕಾಗಿದ್ದುದೂ ದಿಟ. ಅದಕ್ಕೆ ಕಾರಣ ಬಲ್ಬಲ್ಲ, ತಂತಿ. 12 ವೋಲ್ಟಿನಲ್ಲಿ 60 ವ್ಯಾಟಿನ ಒಂದು ದೀಪಕ್ಕೆ 5 ಆಂಪಿಯರ್ ಬೇಕು; ಅಷ್ಟೂ ಸ್ಟಿಯರಿಂಗಿನ ಬಳಿಯ ಸವೆದ ಸ್ವಿಚ್ಚಿನ ಮೂಲಕ ಹಾಯಬೇಕಾದರೆ ದಾರಿಯಲ್ಲಿಯೇ ಸೋರಿಹೋಗುವುದು. ಹುಡುಗನು ರಿಲೇ ಹಾಕಿ, ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿಯನ್ನು ಫ್ಯೂಜಿನೊಡನೆ ಎಳೆದನು. ಅದೇ ಬಲ್ಬುಗಳು ಹಾಲು ಚೆಲ್ಲಿದಂತೆ ಬೆಳಗಿದವು.

ಒಳಗೆ ಮಾತ್ರ ನಮ್ಮಿಚ್ಛೆ ನಡೆಯಿತು. ಮಾಡಿನ ಒಳಗಡೆ ಬಿಸಿಲು ತಡೆಯುವ ಹಾಸನ್ನು ಅಂಟಿಸಿ, ಸೀಟುಗಳಿಗೆ ಹೊಸ ದಿಂಬು ಹೊಲಿಸಿ, ಮಧ್ಯದ ಸಾಲಿಗೂ ಪಟ್ಟಿಗಳನ್ನು ಹಾಕಿಸಿದೆವು. ಬಟ್ಟೆಯನ್ನು ಆರಿಸಲು ಅತ್ತಿಗೆಯವರನ್ನು ಕರೆದೆವು. ಅವರು ಬಂದು, ಬಾಗಿಲಿನ ಬಳಿ ನಿಂತು, ಕಾಲನ್ನು ಎತ್ತಲಾರದೆ ಹಿಂದಕ್ಕೆ ಸರಿದರು. ಮಂಡಿಯ ನೋವು. ಗಾಡಿಯನ್ನು ಇನ್ನಷ್ಟು ಎತ್ತರಿಸಬೇಕೆಂದಿದ್ದ ಮಗನು ಇದನ್ನು ನೋಡುತ್ತಲೇ ನಿಂತಿದ್ದನು. ಮಾರನೆಯ ದಿನ ಅವನೇ ಸರಗೂರಿನ ವೆಲ್ಡಿಂಗ್ ಅಂಗಡಿಗೆ ಹೋಗಿ ಬಾಗಿಲಿನ ಕೆಳಗೆ, ಮೈಯಿಂದ ಹೊರಚಾಚದಂತೆ, ಒಂದು ತಗ್ಗಿನ ಮೆಟ್ಟಿಲನ್ನು ಮಾಡಿಸಿ ತಂದನು. ಈ ಗಾಡಿಗೆ ಮಾಡಿದ ದೊಡ್ಡ ಅಲಂಕಾರವೆಂದರೆ ಅದೊಂದೇ.

ನೋಂದಣಿಯ ಅವಧಿ 2018ರಲ್ಲಿಯೇ ತೀರಿತ್ತು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೊಪ್ಪಿಸಿ ನವೀಕರಿಸಬೇಕಷ್ಟೆ. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಇಂತಹ ಗಾಡಿಗಳಿಗೆ ಶುಲ್ಕ 10,000 ರೂಪಾಯಿ, ತಡಮಾಡಿದುದಕ್ಕೆ ಬೇರೆ. ಬಣ್ಣ ಬದಲಿಸುವವರು ಅದನ್ನೂ ಪತ್ರದಲ್ಲಿ ಬರೆಯಿಸಬೇಕು. ನಾವು ಹಳೆಯ ಬಿಳುಪನ್ನೇ ಉಳಿಸಿಕೊಂಡೆವು.

ಎಲ್ಲವೂ ಮುಗಿದ ದಿನ ಅತ್ತಿಗೆಯವರು ಕೇಳದೆಯೇ ಬೀಗದಕೈಯನ್ನು ತಂದು ಮಗನ ಕೈಗಿಟ್ಟು, “ಬೆಟ್ಟಕ್ಕೇ ಹೋಗೋಣ” ಎಂದರು. ಮೊದಲು ನಾವಿಬ್ಬರೇ ಶುಂಠಿಯ ಮೂಟೆಗಳನ್ನು ಹೇರಿಕೊಂಡು ಎರಡು ಸಲ ಹತ್ತಿ ಇಳಿದು ನೋಡಿದೆವು. ಇಳಿಯುವಾಗ ಎರಡನೆಯ ಗೇರಿನಲ್ಲಿಯೇ ಬಿಟ್ಟು, ಪೆಡಲನ್ನು ಆಗಾಗ್ಗೆ ಮಾತ್ರ ಒತ್ತಿದೆವು; ತಳದಲ್ಲಿ ಅದು ಕಲ್ಲಿನಂತೆ ಗಟ್ಟಿಯಾಗಿತ್ತು. ಮೂರನೆಯ ಸಲ ಮನೆಯವರು ಏರಿದರು, ಏಳೇ ಮಂದಿ. ಅತ್ತಿಗೆಯವರು ಮುಂದೆ ಕೂತು ದಾರಿಯುದ್ದಕ್ಕೂ ಮಾತನಾಡಲಿಲ್ಲ. ಆ ಮಣ್ಣಿನ ದಿಬ್ಬ ಕಳೆದ ಮೇಲೆ ಎಲೆಯಡಕೆಯ ಚೀಲವನ್ನು ಬಿಚ್ಚಿದರು.

ಗೇರುಪೆಟ್ಟಿಗೆಯ ಕೆಳಗೆ ದಿನಕ್ಕೆ ಎರಡು ಮೂರು ಹನಿ ಎಣ್ಣೆ ಈಗಲೂ ಬೀಳುತ್ತದೆ. ಸೀಲನ್ನು ಎರಡು ಸಲ ಬದಲಿಸಿಯೂ ಅದು ನಿಂತಿಲ್ಲ. ಸದ್ಯಕ್ಕೆ ಒಂದು ತಟ್ಟೆಯನ್ನು ಇಟ್ಟಿರುವೆವು. ಇಲಿ ತಿಂದ ಪುಸ್ತಕದಲ್ಲಿ ಹುಡುಗನು ಅದನ್ನೂ ತಾರೀಖು ಹಾಕಿ ಬರೆದಿದ್ದಾನೆ.