ಉಪ್ಪಿನ ಋಣದ ಪೆನ್ನು

ಹಲಸೂರಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವವರ ಮಗಳು ಪತ್ರಿಕೋದ್ಯಮ ಓದುತ್ತಿದ್ದಾಳೆ. ಮೊನ್ನೆ ಕಾಫಿ ಕುಡಿಯುತ್ತ, "ಆಂಟಿ, ಅಮೆರಿಕದಲ್ಲಿ ಗರ್ಭಪಾತ ವಿರೋಧಿಸುವ ಕಾಲೇಜು ಹುಡುಗಿಯರಿಗೆಂದೇ ಸ್ಕಾಲರ್‌ಶಿಪ್ ಇದೆಯಂತೆ. ಪತ್ರಿಕೆ, ಟಿವಿ ಕೆಲಸ ಕಲಿಸಿ ಕೈಗೆ ದುಡ್ಡೂ ಕೊಡುತ್ತಾರಂತೆ. ಇಲ್ಲೂ ಬಂದರೆ ತಪ್ಪೇನು?" ಎಂದಳು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಹುಡುಗಿ. ಹೊಟ್ಟೆಯೊಳಗಿನ ಕೂಸಿನ ಮೇಲೆ ಅವಳಿಗಿರುವ ಮಮತೆ ನಟನೆಯಲ್ಲ. ನಕ್ಕು ತಳ್ಳಿಹಾಕುವ ಮಾತೂ ಅದಲ್ಲ. ಆದರೂ "ತಪ್ಪಿದೆ" ಎಂದೆ. ಯಾಕೆಂದು ಹೇಳುತ್ತೇನೆ.

ನಂಬಿಕೆ ಇಟ್ಟುಕೊಳ್ಳುವುದು ತಪ್ಪಲ್ಲ. ಅದನ್ನು ಲೇಖನವಾಗಿ ಬರೆಯುವುದೂ ತಪ್ಪಲ್ಲ. ನಾನೀಗ ಮಾಡುತ್ತಿರುವುದೂ ಅದನ್ನೇ. ಆದರೆ ವರದಿಗಾರ್ತಿಯ ಕಸುಬು ಬೇರೆ. ಹೊಸ್ತಿಲು ದಾಟುವಾಗಲೇ ಉತ್ತರ ನಿಶ್ಚಯವಾಗಿದ್ದರೆ ಅವಳು ಹೋಗಿ ಕೇಳುವುದೇನು? ಇಂಥ ಉತ್ತರಕ್ಕೆ ಇಷ್ಟು ಎಂದು ಕೊಟ್ಟ ಹಣ ವಿದ್ಯೆಗೆ ನೆರವಲ್ಲ, ಉಪ್ಪಿನ ಋಣ. ಉಪ್ಪು ತಿಂದವಳು ಉಂಡ ಮನೆಗೆ ಎರಡು ಬಗೆಯುವುದುಂಟೆ?

ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ್ ನಿಮಗೆ ನೆನಪಿರಬೇಕು. ದಂತವೈದ್ಯೆ, 31 ವರ್ಷ, 17 ವಾರಗಳ ಬಸುರಿ. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ, ಗರ್ಭ ನಿಲ್ಲುವುದಿಲ್ಲವೆಂದು ಗೊತ್ತಾದ ಮೇಲೂ, ಭ್ರೂಣದ ಎದೆಬಡಿತ ಇದೆಯೆಂದು ಅವಳು ಕೇಳಿದ ಗರ್ಭಪಾತ ಮಾಡಲಿಲ್ಲ. 28ರಂದು ರಕ್ತ ನಂಜಾಗಿ ತೀರಿಕೊಂಡಳು. ನವೆಂಬರ್‌ನಲ್ಲಿ 'ಐರಿಷ್ ಟೈಮ್ಸ್' ಪತ್ರಿಕೆಯಲ್ಲಿ ಕಿಟ್ಟಿ ಹಾಲೆಂಡ್ ಬರೆದ ವರದಿಯಿಂದ ಲೋಕಕ್ಕೆ ತಿಳಿಯಿತು. 2018ರ ಮೇ ತಿಂಗಳಲ್ಲಿ ಆ ದೇಶದ ಜನ ಮತ ಹಾಕಿ ಸಂವಿಧಾನದ ಆ ನಿಷೇಧವನ್ನೇ ತೆಗೆದರು. ಜೊತೆಗೆ, ಆಸ್ಪತ್ರೆಯವರು ಅವಳ ಸ್ಥಿತಿಯನ್ನು ಸರಿಯಾಗಿ ಗಮನಿಸಲಿಲ್ಲವೆಂದೂ 2013ರ ತನಿಖೆ ಹೇಳಿತು. ಒಂದು ಪಕ್ಷದ ಋಣದಲ್ಲಿರುವವಳು ಕಾನೂನಿನ ತಪ್ಪನ್ನು ಮುಚ್ಚುತ್ತಿದ್ದಳು, ಇನ್ನೊಂದು ಪಕ್ಷದವಳು ಆಸ್ಪತ್ರೆಯ ತಪ್ಪನ್ನು. ಎರಡನ್ನೂ ಬರೆಯಲು ಋಣವಿಲ್ಲದ ಪೆನ್ನು ಬೇಕು.

ಅಷ್ಟು ದೂರ ಯಾಕೆ? ಇಂದಿರಾನಗರದ ಪಕ್ಕದಲ್ಲೇ ಬೈಯಪ್ಪನಹಳ್ಳಿ ಇದೆ. 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಪೊಲೀಸರು ಹೆಣ್ಣು ಭ್ರೂಣಹತ್ಯೆಯ ಜಾಲವೊಂದನ್ನು ಹಿಡಿದರು. ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್! ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣೋ ಗಂಡೋ ಎಂಬ ತೀರ್ಪು. ಕೆಲವೇ ವರ್ಷಗಳಲ್ಲಿ ಸುಮಾರು 900 ಗರ್ಭಪಾತಗಳೆಂದು ಪೊಲೀಸರು ಆಗ ಹೇಳಿದ್ದರು. ಲಿಂಗಪತ್ತೆಯನ್ನು ತಡೆಯುವ ಕಾನೂನು 1994ರದು. 2011ರ ಜನಗಣತಿಯಂತೆ ನಮ್ಮ ರಾಜ್ಯದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳು.

'ಜೀವದ ಪರ' ಎನ್ನುವವರಿಗೆ ಇದಕ್ಕಿಂತ ದೊಡ್ಡ ಸುದ್ದಿ ಬೇಕೆ? ಆದರೆ ಇದನ್ನು ಬರೆಯಲು ಹೊರಟವಳು, ಆ ಬಸುರಿ ತಾನಾಗಿ ಆಲೆಮನೆಗೆ ಹೋದಳೋ, ಕರೆದುಕೊಂಡು ಹೋದವರು ಯಾರೋ ಎಂದೂ ಕೇಳಬೇಕು. ಗರ್ಭಪಾತವೆಲ್ಲ ಪಾಪವೆಂದು ಬರೆಯಲು ಸಂಬಳ ಪಡೆದವಳಿಗೆ ಆ ಪ್ರಶ್ನೆ ಹೊಳೆಯದು. 1971ರ ಕಾನೂನು, 2021ರ ತಿದ್ದುಪಡಿಯಂತೆ ಕೆಲವು ವರ್ಗದ ಹೆಂಗಸರಿಗೆ 24 ವಾರದವರೆಗೂ ಗರ್ಭಪಾತಕ್ಕೆ ಅವಕಾಶ ಕೊಡುತ್ತದೆ. ಅವಿವಾಹಿತೆಯೂ ಆ ಸಾಲಿಗೆ ಸೇರುತ್ತಾಳೆಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿತು. ಅತ್ತೆಯ ಒತ್ತಾಯಕ್ಕೆ ಹೆಣ್ಣುಕೂಸನ್ನು ಕಳೆದುಕೊಂಡವಳೂ, ತನ್ನ ಜೀವ ಉಳಿಸಿಕೊಳ್ಳಲು ಕಾನೂನಿನ ಬಾಗಿಲು ತಟ್ಟಿದವಳೂ ಒಂದೇ ಅಲ್ಲ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವುದನ್ನು ಕಲಿಸುವ ತರಬೇತಿ ನಮ್ಮ ಹುಡುಗಿಯರಿಗೆ ಬೇಡ.

"ಗರ್ಭಪಾತದ ಪರ ಇರುವವರು ದುಡ್ಡು ಕೊಟ್ಟರೆ?" ಎಂದು ಹುಡುಗಿ ಪಟ್ಟು ಹಿಡಿದಳು. ಒಳ್ಳೆಯ ಪ್ರಶ್ನೆ. ಅದಕ್ಕೂ ನನ್ನದು ಅದೇ ಉತ್ತರ.

ಹಣವಿದ್ದವರು ಕೊಡಲಿ, ಬೇಡವೆನ್ನುವುದಿಲ್ಲ. ಶಿವಾಜಿನಗರದ, ಕೆ.ಆರ್. ಪುರದ ಎಷ್ಟೋ ಮನೆಗಳಲ್ಲಿ ಮಗಳ ಕಾಲೇಜು ಫೀಸಿಗೆ ತಾಯಿ ಒಡವೆ ಅಡವಿಡುತ್ತಾಳೆ. ಅಂಥವಳ ಫೀಸು ಕಟ್ಟಲಿ, ಬಸ್ ಪಾಸ್ ಕೊಡಿಸಲಿ. ಆದರೆ ಅವಳು ಏನು ಬರೆಯುತ್ತಾಳೆಂದು ಕೇಳದಿರಲಿ. ನಮ್ಮ ಗರ್ಭದ ಬಗ್ಗೆ ಇಷ್ಟು ದಿನ ಬೇರೆಯವರೇ ತೀರ್ಪು ಕೊಟ್ಟಿದ್ದು ಸಾಕು. ನಮ್ಮ ಮಕ್ಕಳಾದರೂ ಮೊದಲು ಹೋಗಿ ಕೇಳಿ, ಆಮೇಲೆ ಬರೆಯಲಿ.