ಎರಡನೆಯ ಖಾತೆ ಏಕೆ ಬೇಕಾಯಿತು?



ಇತ್ತೀಚಿನ ದಿನಮಾನಗಳಲ್ಲಿ ಮಠಕ್ಕೆ ಬರುವ ತಂದೆತಾಯಂದಿರದು ಒಂದು ದೂರು: “ಬುದ್ಧೀ, ಮಗ ಇನ್‌ಸ್ಟಾಗ್ರಾಂನಲ್ಲಿ ಎರಡು ಖಾತೆ ಇಟ್ಟಿದ್ದಾನೆ. ಒಂದು ನಮಗೆ ತೋರಿಸಲು, ಇನ್ನೊಂದು ನಮ್ಮಿಂದ ಮುಚ್ಚಿಡಲು.”

ಒಂದೇ ಮೊಬೈಲಿನಲ್ಲಿ ಐದು ಖಾತೆಗಳವರೆಗೆ ನಡೆಸುವ ಅನುಕೂಲವನ್ನು ಆ ಸಂಸ್ಥೆಯೇ 2016ರಲ್ಲಿ ಒದಗಿಸಿತು. ಮೊದಲನೆಯ ಖಾತೆಯಲ್ಲಿ ಜಾತ್ರೆಯ, ಮದುವೆಯ ಚಿತ್ರಗಳು. ಬಂಧುಗಳೆಲ್ಲ ನೋಡಿ ಮೆಚ್ಚುತ್ತಾರೆ. ಎರಡನೆಯದರಲ್ಲಿ ಹತ್ತಿಪ್ಪತ್ತು ಗೆಳೆಯರು ಮಾತ್ರ. ಪರೀಕ್ಷೆ ಕೆಟ್ಟ ಭಯ, ಬೇಡವಾದ ಸಂಬಂಧದ ಸಂಕಟ ಅಲ್ಲಿ ಹೊರಬರುತ್ತವೆ. ಮನೆಯಲ್ಲಿ ಆಡಲಾಗದ ಮಾತು ಅಲ್ಲಿ ಇಳಿಯುತ್ತಿದೆ ಎಂಬುದನ್ನು ಹಿರಿಯರು ಗಮನಿಸಬೇಕು.

ಮುಚ್ಚಿಡುವುದೆಲ್ಲ ಪಾಪವಲ್ಲ. ಇಷ್ಟಲಿಂಗವನ್ನು ನಾವು ವಸ್ತ್ರದ ಮರೆಯಲ್ಲಿ ಧರಿಸುತ್ತೇವೆ, ಪರರ ಕೈಗೆ ಕೊಡುವುದಿಲ್ಲ. ಅಂತರಂಗಕ್ಕೊಂದು ಮರೆ ಬೇಕೆಂಬುದು ನಮಗೆ ಹೊಸತಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿತು. ಆ ಅರ್ಜಿ ಸಲ್ಲಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಆದರೆ ಯುವಕ ಯುವತಿಯರು ಒಂದು ಮಾತು ತಿಳಿಯಬೇಕು. ಆ ಹತ್ತು ಮಂದಿಯಲ್ಲಿ ಒಬ್ಬ ಸ್ಕ್ರೀನ್‌ಶಾಟ್ ತೆಗೆದರೆ ನಿಮ್ಮ ಗುಟ್ಟು ಊರಿನ ಮಾತಾಗುತ್ತದೆ. ನೀವು ಅಳಿಸಿದರೂ ಅದು ಅವನಲ್ಲಿ ಉಳಿಯುತ್ತದೆ. ಖಾತೆ ನಡೆಸುವ ಕಂಪನಿಗಂತೂ ಅದು ಗುಟ್ಟೇ ಅಲ್ಲ. ಶರಣರೂ ತಮ್ಮ ಲೋಪದೋಷಗಳನ್ನು ನಿರ್ಭಿಡೆಯಿಂದ ಆಡಿಕೊಂಡರು. ಆದರೆ ಅದು ಅರಿತು ತಿದ್ದುವ ಶರಣರ ಸಂಗದಲ್ಲಿ. ಮನಸ್ಸು ತೆರೆಯುವ ಮುನ್ನ ಕೇಳುವವರು ಯಾರೆಂದು ನೋಡಿಕೊಳ್ಳಿರಿ. ಯಾರಾದರೂ ಬೆದರಿಸಿದರೆ ಒಬ್ಬರೇ ನರಳದೆ ಹಿರಿಯರಿಗೆ ತಿಳಿಸಿರಿ. ಮಕ್ಕಳಿಗಾಗಿ 1098 ಸಹಾಯವಾಣಿಯೂ ಇದೆ.

ಹದಿನೆಂಟು ತುಂಬದವರ ಮಾಹಿತಿ ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆಂದು 2023ರ ದತ್ತಾಂಶ ಸಂರಕ್ಷಣಾ ಕಾಯಿದೆ ಹೇಳುತ್ತದೆ. ಕಾನೂನು ನಿಮಗೆ ಒಪ್ಪಿಗೆಯ ಅಧಿಕಾರ ಕೊಟ್ಟೀತು. ಮಗುವಿನ ವಿಶ್ವಾಸವನ್ನು ನೀವೇ ಗಳಿಸಬೇಕು. ಮೊಬೈಲು ಕಸಿದುಕೊಂಡರೆ ಮೂರನೆಯ ಖಾತೆ ಹುಟ್ಟುತ್ತದೆ. ರಾತ್ರಿ ಪ್ರಸಾದಕ್ಕೆ ಕುಳಿತಾಗ ಬೈಯದೆ ಕೇಳಿರಿ. ಮಗು ಹೇಳಿದ್ದನ್ನು ಮರುದಿನ ಊರ ಕಟ್ಟೆಯ ಮೇಲೆ ಆಡಬೇಡಿರಿ. ಹಾಗೆ ಆಡಿದ ಮನೆಯಲ್ಲಿ ಮಗು ಮತ್ತೆ ಬಾಯಿ ಬಿಡುವುದಿಲ್ಲ.

ಶಿವನು ಹಿರಿಯರಿಗೆ ಸಹನೆಯನ್ನೂ ಕಿರಿಯರಿಗೆ ವಿವೇಕವನ್ನೂ ಕರುಣಿಸಲಿ.